ಒಲ್ಲೆ ಅಂದ ಸುಧಾರಾಣಿ

ಆಡೂರಿಗೆ ಹೋಗುವುದನ್ನು ಸುಧಾರಾಣಿ ಅಂದು ಯಾರಿಗೂ ಹೇಳಿರಲಿಲ್ಲ. ವಿಶ್ವವಿದ್ಯಾಲಯದ ಹಾಸ್ಟೆಲಿನ ಗೆಳತಿಗೆ ಹೇಳಿರಲಿಲ್ಲ, ತಿಳವಳ್ಳಿಯ ಮನೆಗೂ ಹೇಳಿರಲಿಲ್ಲ. ಬೆಳಗಿನ ಬಸ್ಸಿಗೆ ಹಾನಗಲ್ಲಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಊರ ಗುಡಿಯ ಹತ್ತಿರ ಇಳಿದು ಶಾಸನದ ಕಲ್ಲಿನ ಮುಂದೆ ಮೊಣಕಾಲೂರಿ ಕೂತಿದ್ದಳು. ಎಂ.ಎ. ಎರಡನೆಯ ವರ್ಷದ ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ಈ ಊರಿನ ಹಳೆಯ ಶಾಸನಗಳನ್ನೇ. ಒಂದು ಅಕ್ಷರ ಪೂರ್ತಿ ಸವೆದುಹೋಗಿತ್ತು. ಅದನ್ನು ಬೆರಳಿನಿಂದ ತಡವಿ ನೋಡುತ್ತಿದ್ದಾಗ ಬೆನ್ನ ಹಿಂದೆ ಬೈಕ್ ಬಂದು ನಿಂತ ಸಪ್ಪಳ ಕೇಳಿಸಿತು.

ತಿರುಗಿ ನೋಡುವ ಮೊದಲೇ ಅದು ಯಾರ ಬೈಕ್ ಎಂದು ಅವಳಿಗೆ ಗೊತ್ತಾಯಿತು.

“ಬಿಸಿಲಾಗ ಒಬ್ಬಾಕಿನ ಕುಂತೀಯಲ್ಲ,” ಎಂದ ರುದ್ರೇಶ. “ಹೇಳಿದ್ರ ನಾನ ಕರ್ಕೊಂಡ ಬರ್ತಿದ್ದೆ.”

ರುದ್ರೇಶ ಅವಳ ಅಕ್ಕ ಮಲ್ಲಿಕಾಳ ಮೈದುನ. ಅಕ್ಕನನ್ನು ಕೊಟ್ಟದ್ದು ಮಾಸೂರಿಗೆ. ಮದಗದ ಕೆರೆಯ ನೀರು ಹರಿಯುವ ಹೊಲ, ದೊಡ್ಡ ಮನೆ. ಭಾವ ಬಸವೇಶ ಹೊಲ ನೋಡಿಕೊಂಡರೆ, ತಮ್ಮ ರುದ್ರೇಶ ಹಿರೇಕೆರೂರಿನಲ್ಲಿ ಬೀಜ ಮತ್ತು ಔಷಧದ ಅಂಗಡಿ ಇಟ್ಟಿದ್ದ. ಕುಡಿತ ಇಲ್ಲ, ಎಲೆ ಅಡಿಕೆ ಕೂಡ ಇಲ್ಲ, ಹಿರಿಯರ ಮುಂದೆ ದನಿ ಎತ್ತುವವನಲ್ಲ. ಸುಧಾರಾಣಿಯ ಅಪ್ಪ ಬಸವಣ್ಣೆಪ್ಪನಿಗೆ ಎದೆನೋವು ಬಂದಾಗ ತಾನೇ ಗಾಡಿ ತಂದು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದವನು ಅವನು. ಅಪ್ಪ ಎದ್ದು ಓಡಾಡುವವರೆಗೂ ಆಸ್ಪತ್ರೆಯ ವರಾಂಡದಲ್ಲೇ ಮಲಗಿದ್ದ. ಅಂದಿನಿಂದ ತಿಳವಳ್ಳಿಯ ಮನೆಯಲ್ಲಿ ಅವನ ಮಾತಿಗೆ ಎದುರು ಮಾತಿರಲಿಲ್ಲ. ಸುಧಾರಾಣಿ ಹಾಸ್ಟೆಲಿಗೆ ಹೊರಟಾಗ ಹೊಸ ಫೋನು ಸರಿಮಾಡಿ ಕೊಟ್ಟವನೂ ಅವನೇ. “ಹುಡುಗಿ ಒಬ್ಬಾಕಿ ಅಡ್ಡಾಡತಾಳ. ಎಲ್ಲಿ ಅದಾಳಂತ ನಮಗ ಗೊತ್ತಾಗೂ ಹಂಗ ಇಟ್ಟೇನಿ,” ಎಂದು ಎಲ್ಲರ ಮುಂದೆಯೇ ಹೇಳಿದ್ದ. ಅಪ್ಪ ತಲೆಯಾಡಿಸಿದ್ದ. ಅವಳಿಗೂ ಆಗ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಅಕ್ಕನ ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ಮಾಸೂರಿನ ಯಾರೋ ಮುದುಕಿ, “ಅಕ್ಕ-ತಂಗಿ ಒಂದ ಮನಿಗೆ ಬಂದ್ರ ಚಲೋನ ಆತಲ್ಲ,” ಅಂದಿದ್ದಳು. ಎಲ್ಲರೂ ನಕ್ಕರು. ಸುಧಾರಾಣಿಯೂ ನಕ್ಕಳು. ಆ ನಗುವನ್ನು ರುದ್ರೇಶ ಒಪ್ಪಿಗೆ ಎಂದೇ ಹಿಡಿದ. ಆಮೇಲೆ ಅವಳು ಹಾನಗಲ್ಲಿನಲ್ಲಿ ಬಸ್ಸು ಬದಲಿಸುವಾಗ ಅವನು ಅಲ್ಲಿರುತ್ತಿದ್ದ. ಶಿಗ್ಗಾವಿಗೆ ಪುಸ್ತಕ ಕೊಳ್ಳಲು ಹೋದರೆ ಅಲ್ಲಿರುತ್ತಿದ್ದ. ಮೊದಮೊದಲು ಕಾಕತಾಳೀಯ ಅಂದುಕೊಂಡಳು. ಆಮೇಲೆ ಹಾಗೆ ಅಂದುಕೊಳ್ಳಲು ಆಗಲಿಲ್ಲ.

“ನಾ ಇಲ್ಲಿದ್ದದ್ದು ನಿಮಗ ಹ್ಯಾಂಗ ಗೊತ್ತಾತ್ರಿ?” ಎಂದು ಕೇಳಿದಳು.

ರುದ್ರೇಶ ನಕ್ಕು ಜೇಬಿನಲ್ಲಿದ್ದ ಫೋನನ್ನು ತಟ್ಟಿ ತೋರಿಸಿದ.

ಗುಡಿಯ ಹತ್ತಿರ ಬೇರೆ ಯಾರೂ ಇರಲಿಲ್ಲ. ದೂರದಲ್ಲಿ ಒಬ್ಬಳು ಮೇಕೆ ಕಾಯುತ್ತಿದ್ದಳು. ಸುಧಾರಾಣಿ ಎದ್ದು ನಿಂತು, ಬಹಳ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಹೇಳಿಯೇ ಬಿಟ್ಟಳು. “ಮಾವ, ನಿಮ್ಮನ್ನ ನಾ ಹಂಗ ನೋಡಿಲ್ರಿ. ನನಗ ಮದುವಿ ಬ್ಯಾಡ. ನಾ ಒಲ್ಲೆ.”

ರುದ್ರೇಶ ಸಿಟ್ಟು ಮಾಡಲಿಲ್ಲ. ಕರವಸ್ತ್ರದಿಂದ ಬೈಕಿನ ಕನ್ನಡಿ ಒರೆಸಿದ. ಆಮೇಲೆ ಮೆಲ್ಲಗೆ, “ಒಲ್ಲೆ ಅನ್ನಾಕ ಭಾಳ ತಡಾ ಆತು. ನಿಮ್ಮಕ್ಕ ನಮ್ಮ ಮನ್ಯಾಗ ಅದಾಳ. ಅದನ್ನ ನೆನಪಿಟ್ಕೋ,” ಅಂದ.

ಅಂದಿನಿಂದ ಸುಧಾರಾಣಿಯ ನಿದ್ದೆ ಹೋಯಿತು.

ಅವನ ಸಂದೇಶಗಳು ತರಗತಿಯಲ್ಲಿ, ಗ್ರಂಥಾಲಯದಲ್ಲಿ, ಸ್ನಾನಕ್ಕೆ ಹೋದಾಗ, ಎಲ್ಲ ಹೊತ್ತಿನಲ್ಲೂ ಬರುತ್ತಿದ್ದವು. ‘ಯಾರ ಜೋಡಿ ಮಾತಾಡಾಕತ್ತೀದಿ?’ ‘ಕ್ಲಾಸ್ ಮುಗದೈತಿ, ಇನ್ನೂ ರೂಮಿಗ್ಯಾಕ ಹೋಗಿಲ್ಲ?’ ಒಮ್ಮೊಮ್ಮೆ ಬೇಡಿಕೆ, ಒಮ್ಮೊಮ್ಮೆ ಬೆದರಿಕೆ. ಕೊನೆಕೊನೆಗೆ ಬೇರೆ ಥರದ್ದು ಬರತೊಡಗಿತು: ‘ಅಂಗಡ್ಯಾಗ ಔಷಧಕ್ಕ ಬರಗಾಲ ಇಲ್ಲ. ನನಗ ಏನರ ಆದ್ರ ಅದು ನಿನ್ನ ತಲಿಮ್ಯಾಲ.’ ಪ್ರತಿ ಸಂದೇಶವನ್ನೂ ಓದಿದ ಕೂಡಲೇ ಅಳಿಸಿಹಾಕುತ್ತಿದ್ದಳು, ಅಳಿಸಿದರೆ ಅದು ಬಂದೇ ಇರಲಿಲ್ಲ ಎನ್ನುವ ಹಾಗೆ.

ಒಂದು ದಿನ ಧೈರ್ಯ ಮಾಡಿ ಫೋನಿನಲ್ಲಿ ಜಾಗ ತೋರಿಸುವುದನ್ನು ಬಂದ್ ಮಾಡಿದಳು. ಸ್ವಲ್ಪ ಹೊತ್ತಿಗೆಲ್ಲ ಅಪ್ಪನ ಕರೆ ಬಂತು. “ಏನಾತ ಸುಧಾ? ರುದ್ರೇಶ ಗಾಬರ್ಯಾಗಿ ಫೋನ್ ಮಾಡಿದ್ದ. ನೀ ಎಲ್ಲಿದ್ದಿ ಅಂತ ತಿಳೀವಲ್ದಂತ.” ಅದರ ಹಿಂದೆ ಅಕ್ಕನ ಕರೆ, ಅದರ ಹಿಂದೆ ಅವ್ವನದು. ಮನೆಯವರ ಕಣ್ಣೆಲ್ಲ ಅವನ ಕಣ್ಣೇ ಆಗಿದ್ದವು. ಅವಳು ಮತ್ತೆ ಚಾಲೂ ಮಾಡಿದಳು.

ರಜೆಗೆ ಊರಿಗೆ ಹೋದಾಗ ಅವ್ವನ ಹತ್ತಿರ ಹೇಳಲು ನೋಡಿದಳು. ಸುಶೀಲವ್ವ ಪಡಸಾಲೆಯಲ್ಲಿ ಮೆಕ್ಕೆತೆನೆ ಸುಲಿಯುತ್ತಿದ್ದಳು.

“ಅವ್ವಾ, ರುದ್ರೇಶ ಮಾವ ಎಲ್ಲಿ ಹೋದ್ರೂ ಬೆನ್ನ ಹತ್ತತಾರ. ನನಗ ಅಂಜಿಕಿ ಆಗ್ತೈತಿ.”

“ಹುಚ್ಚಿ,” ಅಂದಳು ಅವ್ವ, ತೆನೆಯಿಂದ ಕಣ್ಣೆತ್ತದೆ. “ಕಾಳಜಿ ಮಾಡವ್ರು ಸಿಗೂದ ಪುಣ್ಯ. ನಿಮ್ಮಪ್ಪ ಇವತ್ತ ಉಸಿರಾಡಾಕತ್ತಿದ್ರ ಯಾರಿಂದ? ಅಕ್ಕನ ಬಾಳೇವು ನೆಟ್ಟಗ ನಡದೈತಿ, ನೀ ಏನರ ಅಂದು ಕೆಡಸಬ್ಯಾಡ.”

ಅವ್ವ ಕೆಟ್ಟವಳಲ್ಲ. ಅಳಿಯನ ಮನೆ ಅಂದರೆ ಅವಳಿಗೂ ಒಳಗೊಳಗೆ ಒಂದು ಅಂಜಿಕೆ. ಸುಧಾರಾಣಿಗೆ ಅದು ಗೊತ್ತಿತ್ತು. ಆದ್ದರಿಂದಲೇ ತಾನೂ ಕೂತು ತೆನೆ ಸುಲಿಯತೊಡಗಿದಳು.

ಅವಳ ಹಾಸ್ಟೆಲ್ ಕೋಣೆಯ ಜೊತೆಗಾತಿ ಶಾಕೀರಾ, ಸವಣೂರಿನವಳು. ಅರ್ಥಶಾಸ್ತ್ರದ ವಿದ್ಯಾರ್ಥಿನಿ, ಕಂಡದ್ದನ್ನು ಕಂಡ ಹಾಗೆ ಕೇಳುವ ಸ್ವಭಾವ. ಒಂದು ಸಂಜೆ ಅವಳು ಕಪಾಟು ತೆರೆದು, ಸುಧಾರಾಣಿಯ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಹಾಗೆಯೇ ನಿಂತಳು.

“ಏ ಸುಧಾ, ಫೋನ್ ಟವೆಲ್‌ನ್ಯಾಗ ಸುತ್ತಿ ಡಬ್ಬ್ಯಾಗ ಯಾಕಿಟ್ಟೀದಿ?”

ಸುಧಾರಾಣಿ ಮಂಚದ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಅವನಿಗೆ ಫೋನಿನಲ್ಲಿ ತಮ್ಮ ಮಾತೂ ಕೇಳಿಸುತ್ತದೋ ಏನೋ ಎಂಬ ಭಯ ಹುಟ್ಟಿ ಎಷ್ಟೋ ದಿನವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ತನಗೇ ತಲೆ ಕೆಟ್ಟಿದೆ ಅನ್ನಿಸುತ್ತಿತ್ತು. ಆದರೂ ಹೇಳಿದಳು. ಹೇಳುತ್ತ ಹೇಳುತ್ತ ಅಳು ಬಂತು, ಅಳುತ್ತಲೇ ಎಲ್ಲವನ್ನೂ ಹೇಳಿದಳು.

ಶಾಕೀರಾ ಡಬ್ಬಿಯ ಮುಚ್ಚಳ ಮುಚ್ಚಿ ಅವಳ ಪಕ್ಕ ಬಂದು ಕೂತಳು. ಕೊನೆಗೆ, “ಗ್ರಂಥಾಲಯದ ಬಾಜೂಕ ಆಪ್ತಸಲಹೆ ಕೋಣಿ ಐತಲ್ಲ. ನಾಳೆ ಮೇಡಮ್ ಬರೂ ದಿನ. ಹೋಗೂಣು,” ಅಂದಳು.

ಆ ಕೋಣೆ ಸುಧಾರಾಣಿಗೆ ಗೊತ್ತಿರಲಿಲ್ಲ ಎಂದಲ್ಲ. ಅದರ ಮುಂದೆ ಎಷ್ಟೋ ಸಲ ನಡೆದುಹೋಗಿದ್ದಳು. ಹೊರಗಿನ ಬೆಂಚಿನ ಮೇಲೆ ಯಾರಾದರೂ ಕೂತಿದ್ದರೆ ಗ್ರಂಥಾಲಯಕ್ಕೆ ಹೊರಟವಳ ಹಾಗೆ ಮುಖ ಮಾಡಿ ಮುಂದೆ ಸಾಗುತ್ತಿದ್ದಳು. ಒಮ್ಮೆ ಶಾಕೀರಾಳ ಫೋನು ಕೇಳಿ ಪಡೆದು ಮಹಿಳಾ ಸಹಾಯವಾಣಿಗೂ ಕರೆ ಮಾಡಿದ್ದಳು. ಆ ಕಡೆಯಿಂದ ಹೆಣ್ಣುದನಿಯೊಂದು “ಹೇಳಿ” ಅಂದ ಕೂಡಲೇ ಕತ್ತರಿಸಿಬಿಟ್ಟಿದ್ದಳು. ಹೇಳಬೇಕಾದದ್ದು ಯಾವುದು? ಅವನು ಹೊಡೆದಿಲ್ಲ, ಬೈದಿಲ್ಲ. ಊರಿನಿಂದ ಹಾಸ್ಟೆಲಿಗೆ ರೊಟ್ಟಿಗಂಟು ತಂದುಕೊಡುವ ಸಂಬಂಧಿಕನ ಮೇಲೆ ಏನೆಂದು ದೂರುವುದು?

“ನನ್ನ ನೋಡಿದವ್ರು ಹುಚ್ಚು ಹಿಡದೈತಿ ಅಂತಾರ,” ಅಂದಳು.

“ನಾ ಹೊರಗ ಬೆಂಚಿನ ಮ್ಯಾಲ ಕುಂತಿರ್ತೇನಿ. ಯಾರರ ಕೇಳಿದ್ರ, ತಲಿ ಕೆಟ್ಟಿರೂದು ನಂದು, ಆಕಿ ಜೋಡಿಗೆ ಬಂದಾಳ ಅಂತ ಹೇಳ್ತೇನಿ.”

ಆಪ್ತಸಲಹೆಗೆ ಬರುತ್ತಿದ್ದ ಪ್ರಿಯಂವದಾ ಸವಣೂರಿನ ವೈಷ್ಣವ ಮನೆತನದವರು. ಮನೆಯಲ್ಲಿ ಅಜ್ಜ, ಮುತ್ತಜ್ಜ ಎಲ್ಲ ಸಂಸ್ಕೃತ ಪಾಠ ಹೇಳಿದವರು. ಇವರು ಮನಃಶಾಸ್ತ್ರ ಓದಿ ಬಂದಿದ್ದರು. ನಡುವಯಸ್ಸು, ಮೂಗಿನ ತುದಿಗೆ ಜಾರುವ ಕನ್ನಡಕ. ಕೋಣೆಯಲ್ಲಿ ಮೇಜು ಗೋಡೆಗೆ ಸರಿದಿತ್ತು, ಕುರ್ಚಿಗಳೆರಡೂ ಕಿಟಕಿಯ ಹತ್ತಿರ ಇದ್ದವು.

“ಬಾರವಾ, ಎಲ್ಲಿ ಬೇಕಲ್ಲೆ ಕೂಡು,” ಎಂದರು ಅವರು. “ನೀ ಹೇಳಿದ್ದು ಈ ಕೋಣಿ ದಾಟೂದಿಲ್ಲ. ಯಾರದರೆ ಜೀವಕ್ಕ ಅಪಾಯ ಅದ ಅನಿಸಿದ್ರ ಮಾತ್ರ ಬ್ಯಾರೆಯವರಿಗೆ ಹೇಳಬೇಕಾಗ್ತದ. ಅದನ್ನೂ ನಿನಗ ಹೇಳೇ ಮಾಡ್ತೀನಿ.”

ಸುಧಾರಾಣಿ ಬಾಗಿಲು ಕಾಣುವ ಕುರ್ಚಿಯಲ್ಲಿ ಕೂತಳು. ಅವಳ ಮೊದಲ ಪ್ರಶ್ನೆ ವಿಚಿತ್ರವಾಗಿತ್ತು. “ಮೇಡಮ್, ಇದು ತಪ್ಪು ಹೌದೋ ಅಲ್ಲೋ ಅದನ್ನ ಹೇಳ್ರಿ ಮದ್ಲ. ಅವರು ನನಗ ಏನೂ ಮಾಡಿಲ್ರಿ.”

“ಏನೂ ಮಾಡಿಲ್ಲಂದ್ರ ನೀ ಬಾಗಿಲಾ ನೋಡಿಕೋತ ಯಾಕ ಕೂತೀ?”

ಅವಳು ಕಣ್ಣನ್ನು ಬಾಗಿಲಿನಿಂದ ಕಿತ್ತು ಅವರ ಕಡೆ ತಿರುಗಿದಳು. ಪ್ರಿಯಂವದಾ ಅವಸರ ಮಾಡಲಿಲ್ಲ. “ಬ್ಯಾಡ ಅಂದಮ್ಯಾಲೂ ಬೆನ್ನು ಹತ್ತೂದು, ಫೋನಿನ್ಯಾಗ ಕಾಯೂದು, ಇದಕ್ಕ ಕಾನೂನಿನ್ಯಾಗ ಹೆಸರದ. ಅದು ಅಪರಾಧ. ಕಾಳಜಿ ಅಲ್ಲ,” ಎಂದರು. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಒಂದು ಬದಿ ಎತ್ತಿ ಹಿಡಿದಂತಾಯಿತು ಸುಧಾರಾಣಿಗೆ. ಪೂರ್ತಿ ಸರಿದಿರಲಿಲ್ಲ, ಆದರೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿತ್ತು.

ಅವಳು ಮತ್ತೆ ಮತ್ತೆ ಹೋದಳು. ಎಲ್ಲೆಲ್ಲಿ ಅಂಜಿಕೆಯಾಗುತ್ತದೆ, ಅಲ್ಲಿ ಹತ್ತಿರ ಯಾರಿರುತ್ತಾರೆ, ಅವರನ್ನು ಏನೆಂದು ಕರೆಯಬೇಕು ಎಂದು ಇಬ್ಬರೂ ಕೂತು ಯೋಚಿಸಿದರು. ಜಾಗ ತೋರಿಸುವುದನ್ನು ಒಮ್ಮೆಲೇ ಬಂದ್ ಮಾಡುವುದು ಬೇಡ, ಅವನು ಕೆರಳಬಹುದು. ಮೊದಲು ನಂಬಿಕೆಯವರು ಜೊತೆಗಿರಲಿ ಎಂದರು ಪ್ರಿಯಂವದಾ. ಸಂದೇಶ ಅಳಿಸಬೇಡ, ಇಟ್ಟುಕೋ ಎಂದರು. ಇದುವರೆಗೆ ಅಳಿಸಿದ್ದನ್ನೆಲ್ಲ ನೆನೆದು ಅವಳು ಹಣೆ ಹಣೆ ಬಡಿದುಕೊಂಡಳು. “ಇರಲಿ, ಇನ್ನ ಬರೂದು ಉಳೀತದಲ್ಲ,” ಎಂದರು. “ಮತ್ತ ಮಂದಿಯೊಳಗ ‘ಯಾರರೆ ಬರ್ರಿ’ ಅಂದ್ರ ಯಾರೂ ಬರೂದಿಲ್ಲ. ಒಬ್ಬರನ್ನ ನೋಡಿ, ಅವರನ್ನ ಕರಿ.”

ಔಷಧದ ಬೆದರಿಕೆಯ ಮಾತು ಬಂದಾಗ ಅವರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಅದನ್ನ ಸುಳ್ಳು ಅಂತ ತಿಳೀಬಾರದು. ಆದ್ರ ಆ ಜೀವಾ ಉಳಿಸೂ ಭಾರ ನೀ ಒಬ್ಬಾಕಿ ಹೊರೂದಲ್ಲ. ಅವನ ಮನಿಯವರಿಗೆ ತಿಳಿಸಬೇಕು. ಅವನಿಗೆ ಡಾಕ್ಟರ್ ಬೇಕು. ನೀ ಅವನ ಔಷಧ ಅಲ್ಲ.”

“ಮನಿಯವರಿಗೆ ಹೇಳಿದ್ರ ಅಕ್ಕನ ಗತಿ ಏನ್ರಿ ಮೇಡಮ್?”

“ಅಕ್ಕನ್ನ ಕೇಳೀಯೇನು? ಅಕ್ಕನ ಬಾಳೇದ ವಿಚಾರ ಅಕ್ಕಗ ಗೊತ್ತಿಲ್ಲದ ನೀನ ಮಾಡ್ಲಿಕತ್ತೀಯಲ್ಲ.”

ಈ ಮಾತು ಅವಳನ್ನು ಹಲವು ದಿನ ಕೊರೆಯಿತು. ಅಕ್ಕನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಳು. ಅಕ್ಕನಿಗೆ ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಿರಲೇ ಇಲ್ಲ. ಕೊನೆಗೆ ಶಾಕೀರಾಳ ಫೋನಿನಿಂದ ಮಲ್ಲಿಕಾಳಿಗೆ ಕರೆ ಮಾಡಿ, “ಅಕ್ಕಾ, ಬುಧವಾರ ಹಾನಗಲ್ಲ ಬಸ್‌ಸ್ಟ್ಯಾಂಡಿಗೆ ಬಾ. ನೀ ಮತ್ತ ನಿನ್ನ ಕೂಸು ಅಷ್ಟ. ನನಗ ಆರಾಮಿಲ್ಲ, ಇಲ್ಲಿ ಆಪ್ತಸಲಹೆಯವ್ರ ಕಡೆ ತೋರಸಾಕತ್ತೇನಿ. ಎಲ್ಲಾ ಬಂದಮ್ಯಾಲ ಹೇಳ್ತೇನಿ,” ಅಂದಳು.

ಮಲ್ಲಿಕಾ ಗಾಬರಿಯಾದಳು. ಗಾಬರಿಯಲ್ಲಿ ಗಂಡನ ಮುಂದೆ, ತಂಗಿ ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತಿದ್ದಾಳಂತೆ, ಬುಧವಾರ ಹಾನಗಲ್ಲಿಗೆ ಹೋಗಿ ನೋಡಿಕೊಂಡು ಬರುತ್ತೇನೆ ಎಂದಳು. ರುದ್ರೇಶ ಅಲ್ಲೇ ಉಣ್ಣುತ್ತ ಕೂತಿದ್ದ.

ಬುಧವಾರ ಸುಧಾರಾಣಿ ಫೋನನ್ನು ಶಾಕೀರಾಳ ಕೈಯಲ್ಲಿ ಕೊಟ್ಟು ಬರಿಗೈಯಲ್ಲಿ ಬಸ್ಸು ಹತ್ತಿದಳು. ಫೋನು ಹಾಸ್ಟೆಲಿನಲ್ಲಿರಲಿ, ತಾನು ಹಾನಗಲ್ಲಿನಲ್ಲಿರಲಿ ಎಂಬ ಯೋಚನೆ ಅವಳದು. ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ಗದ್ದಲ. ಸಂತೆಯ ಚೀಲಗಳು, ಕಾಲೇಜು ಬಿಟ್ಟ ಹುಡುಗರು, ಅಕ್ಕಿಆಲೂರಿನ ಬಸ್ಸಿಗೆ ಕಾಯುವ ಹೆಂಗಸರು. ಹಿರೇಕೆರೂರು ಕಡೆಯ ಬಸ್ಸು ಬಂದು ನಿಲ್ಲುವ ಕಟ್ಟೆಯ ಹತ್ತಿರ ನಿಂತು ದಾರಿ ನೋಡುತ್ತಿದ್ದಳು. ಬಸ್ಸಿಗಿಂತ ಮೊದಲು ಬೈಕ್ ಬಂತು.

“ಫೋನ್ ಹಾಸ್ಟೆಲಿನ್ಯಾಗ ಐತಿ, ನೀ ಇಲ್ಲಿ ಅದೀದಿ,” ಅಂದ ರುದ್ರೇಶ. ಅವನ ಮುಖ ಬಿಳಿಚಿಕೊಂಡಿತ್ತು. “ನನಗ ಮೋಸ ಮಾಡಾಕ ಕಲತೀಯಲ್ಲ. ಹತ್ತು ಗಾಡಿ. ಮಾತಾಡೂದೈತಿ.”

“ನಾ ಬರೂದಿಲ್ರಿ.”

ಅವನು ಅವಳ ಮಣಿಕಟ್ಟು ಹಿಡಿದ. ಬಿಗಿಯಾಗಿ ಹಿಡಿದ. ಕೂಗಬೇಕು ಎಂದು ಬಾಯಿ ತೆರೆದರೆ ಗಾಳಿ ಮಾತ್ರ ಹೊರಬಂತು. ಜನ ಅತ್ತಿತ್ತ ಓಡಾಡುತ್ತಲೇ ಇದ್ದರು. ಗಂಡ ಹೆಂಡತಿಯ ಜಗಳ ಎಂದುಕೊಂಡಿರಬೇಕು. ಅವಳು ಎದುರಿನ ಕಟ್ಟೆಯ ಮೇಲೆ ಹಸಿರು ಸೀರೆ ಉಟ್ಟು ಕೂತಿದ್ದ ವಯಸ್ಸಾದ ಹೆಂಗಸನ್ನು ನೋಡಿದಳು. ಅವಳನ್ನೇ ನೋಡಿದಳು.

“ಹಸರ ಸೀರಿ ಅವ್ವಾರ! ಇವ ನನ್ನ ಕೈ ಹಿಡದಾನ್ರಿ! ನಾ ಒಲ್ಲೆ ಅಂದ್ರೂ ಬಿಡವಲ್ಲ!”

ಆ ಹೆಂಗಸು ಮೊದಲು ತನ್ನ ಸೀರೆ ನೋಡಿಕೊಂಡಳು. ಆಮೇಲೆ ಎದ್ದು, ಚೀಲ ಅಲ್ಲೇ ಬಿಟ್ಟು ಬಂದಳು.

“ನಮ್ಮ ಮನಿ ಹುಡುಗಿ ರೀ,” ಅಂದ ರುದ್ರೇಶ ನಯವಾಗಿ. “ತಲಿ ಸರಿ ಇಲ್ಲ ಇಕೀದು. ಕಾಲೇಜಿನ್ಯಾಗ ಮನಸ್ಸಿನ ಡಾಕ್ಟರ್ ಕಡೆ ತೋರಸಾಕತ್ತಾಳ. ಬೇಕಾದ್ರ ಕೇಳ್ರಿ ಆಕೀನ.”

ಅಷ್ಟು ಹೊತ್ತಿಗೆ ಹತ್ತಾರು ಜನ ಸುತ್ತ ನೆರೆದಿದ್ದರು. ಎಲ್ಲರೂ ಸುಧಾರಾಣಿಯ ಮುಖ ನೋಡಿದರು. ಅವಳ ಕೂದಲು ಬಿಚ್ಚಿಹೋಗಿತ್ತು, ತುಟಿ ನಡುಗುತ್ತಿತ್ತು. ತಾನು ಹುಚ್ಚಿಯ ಹಾಗೆಯೇ ಕಾಣುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು. ನಂಬಿಕೆಯಿಂದ ಆಪ್ತಸಲಹೆಯ ಬಾಗಿಲು ತಟ್ಟಿದ್ದನ್ನೇ ಅವನು ಅವಳ ಮೇಲೆ ತಿರುಗಿಸಿದ್ದ.

“ತಲಿ ಸರಿ ಇರ್ಲಿ ಬಿಡ್ಲಿ,” ಅಂದಳು ಹಸಿರು ಸೀರೆಯ ಹೆಂಗಸು, “ನೀ ಮದ್ಲ ಕೈ ಬಿಡಪಾ.”

ಅವನು ಬಿಡಲಿಲ್ಲ. ಅಷ್ಟರಲ್ಲಿ ಹಿರೇಕೆರೂರಿನ ಬಸ್ಸು ಬಂತು. ಮಲ್ಲಿಕಾ ಕೂಸನ್ನು ಬಗಲಲ್ಲಿ ಹೊತ್ತು ಇಳಿದವಳು, ಗುಂಪು ಕಂಡು ಇಣುಕಿದಳು. ರುದ್ರೇಶನ ಮುಖದಲ್ಲಿ ಗೆಲುವು ಮೂಡಿತು. “ತಗೋರಿ, ಅವರಕ್ಕನ ಬಂದ್ರು. ವೈನಿ, ನೀವ ಹೇಳ್ರಿ ಇವರಿಗೆ. ಆಕಿಗೆ ಆರಾಮಿಲ್ಲೋ ಹೌದೋ?”

ಮಲ್ಲಿಕಾ ಅವನನ್ನು ನೋಡಿದಳು, ತಂಗಿಯನ್ನು ನೋಡಿದಳು. ಅಕ್ಕ ಆ ಮನೆಯ ಸೊಸೆ. ಸಂಜೆಗೆ ಅದೇ ಮನೆಗೆ ಹೋಗಿ ಒಲೆ ಹಚ್ಚಬೇಕಾದವಳು. ‘ಹೌದು’ ಎಂದು ಒಂದು ಮಾತು ಅಂದರೆ ಎಲ್ಲ ಮುಗಿಯಿತು. ಮಲ್ಲಿಕಾಳ ಕಣ್ಣು ತಂಗಿಯ ಮಣಿಕಟ್ಟಿನ ಮೇಲೆ ನಿಂತಿತು. ಅವನ ಬೆರಳು ಒತ್ತಿದ ಕಡೆ ಕೆಂಪಗಾಗಿತ್ತು, ಹಸಿರು ಬಳೆಯೊಂದು ಒಡೆದು ರಕ್ತ ಸಣ್ಣಗೆ ಜಿನುಗುತ್ತಿತ್ತು.

“ನನ್ನ ತಂಗಿ ನೆಟ್ಟಗದಾಳ,” ಅಂದಳು ಮಲ್ಲಿಕಾ. “ಕೈ ಬಿಡು ರುದ್ರೇಶ.”

ಅವನು ಬಿಟ್ಟ. ನಿಲ್ದಾಣದ ಕಂಟ್ರೋಲರು ಅಷ್ಟರಲ್ಲಿ ಪೊಲೀಸರಿಗೆ ಫೋನು ಹಚ್ಚಿದ್ದರು. ರುದ್ರೇಶ ಬೈಕ್ ಹತ್ತುತ್ತ, ಯಾರ ಕಡೆಗೂ ನೋಡದೆ, “ಆತು. ಇನ್ನ ನನ್ನ ಹೆಣಾನ ನೋಡ್ತೀರಿ ನೀವು,” ಎಂದು ಹೇಳಿ ಹೊರಟುಹೋದ.

ಸುಧಾರಾಣಿ ಕಟ್ಟೆಯ ಮೇಲೆ ಕುಸಿದಳು. ಅವಳ ಬಾಯಿಂದ ಮೊದಲು ಬಂದ ಮಾತು ಇದು: “ಅಕ್ಕಾ, ಬಸವೇಶ ಮಾವಗ ಫೋನ್ ಮಾಡು. ಅಂಗಡ್ಯಾಗ ಔಷಧ ಅದಾವು. ಮೇಡಮ್ ಹೇಳ್ಯಾರ, ಮನಿಯವರಿಗೆ ತಿಳಿಸ್ಬೇಕಂತ.” ಮಲ್ಲಿಕಾ ಗಂಡನ ನಂಬರು ಒತ್ತಿದಳು. “ಏನರೀ, ಎಲ್ಲಾ ಬಿಟ್ಟು ಮದ್ಲ ತಮ್ಮನ ಅಂಗಡಿಗೆ ಹೋಗ್ರಿ. ಯಾಕಂತ ಆಮ್ಯಾಲ ಹೇಳ್ತೇನಿ. ಒಬ್ಬವನ್ನ ಬಿಡಬ್ಯಾಡ್ರಿ ಅವನ್ನ.”

ಠಾಣೆಯಲ್ಲಿ ಅವರನ್ನು ಕೂರಿಸಿದ ಮಹಿಳಾ ಪೇದೆ ನೀರು ಕೊಟ್ಟಳು. ಹಸಿರು ಸೀರೆಯ ಹೆಂಗಸೂ ಬಂದಿದ್ದಳು. ಸರೋಜವ್ವ ಎಂದು ಹೆಸರು ಹೇಳಿ, ಕಂಡದ್ದನ್ನು ಹೇಳಿ ಹೆಬ್ಬೆಟ್ಟು ಒತ್ತಿ ಹೋದಳು. ಆಕೆಯ ಬಸ್ಸು ತಪ್ಪಿತ್ತು. ಮಲ್ಲಿಕಾಳ ಫೋನಿನಲ್ಲಿ ಪ್ರಿಯಂವದಾ ಮಾತಾಡಿ, ಹೇಳಿಕೆ ಕೊಡುವಾಗ ಮಹಿಳಾ ಪೊಲೀಸರೇ ಇರಬೇಕೆಂದು ಕೇಳು, ಬೇಕಾದರೆ ಹೆಣ್ಣುಮಕ್ಕಳಿಗೆ ನೆರವಾಗುವ ಹಾವೇರಿಯ ಸಖಿ ಕೇಂದ್ರದವರನ್ನೂ ಕರೆಸುತ್ತೇನೆ ಎಂದರು. ಸುಧಾರಾಣಿ ಹೂಂ ಅಂದಳು. ಅವಳ ಕಿವಿಯೆಲ್ಲ ಇನ್ನೊಂದು ಕರೆಯ ಕಡೆಗಿತ್ತು. ಹೊತ್ತು ಸರಿಯುತ್ತಿತ್ತು. ಕೂಸು ಹಸಿದು ಅತ್ತಿತು. ಅವನಿಗೆ ಏನಾದರೂ ಆಗಿಬಿಟ್ಟಿದ್ದರೆ? ಅಕ್ಕನ ಅತ್ತೆ ಏನೆಂದಾಳು? ಊರು ಏನೆಂದೀತು? ಅಕ್ಕ-ತಂಗಿ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಗೋಡೆಯ ಕಡೆ ನೋಡುತ್ತ ಕೂತರು.

“ನಿನಗ ಅವನ ಮ್ಯಾಲ ಮನಸೈತಿ ಅಂತ ಅವನ ಹೇಳಿದ್ದ,” ಅಂದಳು ಮಲ್ಲಿಕಾ ಒಮ್ಮೆಲೇ. “ದಿನಾ ಆಕಿನ ಫೋನ್ ಮಾಡ್ತಾಳ, ನಾಚಿಕಿಗೆ ನಿಮಗ ಹೇಳೂದಿಲ್ಲ ಅಂದಿದ್ದ. ನಾ ನಂಬಿಬಿಟ್ಟೆ ಸುಧಾ.”

ಕೊನೆಗೂ ಬಸವೇಶನ ಕರೆ ಬಂತು. ರುದ್ರೇಶ ಅಂಗಡಿಯಲ್ಲೇ ಇದ್ದ. ಏನೂ ಆಗಿಲ್ಲದವನ ಹಾಗೆ ಗಿರಾಕಿಗೆ ಮೆಕ್ಕೆಜೋಳದ ಬೀಜ ಕೊಡುತ್ತಿದ್ದನಂತೆ. ಅದನ್ನು ಕೇಳಿ ಸುಧಾರಾಣಿಗೆ ಮೊದಲು ಹೋದ ಜೀವ ಬಂದಂತಾಯಿತು. ಆಮೇಲೆ ಒಳಗಿನಿಂದ ಸಿಟ್ಟು ಉಕ್ಕಿ ಬಂತು. ಇಷ್ಟು ತಿಂಗಳು ತಾನು ಒಂದೊಂದು ಸಂದೇಶಕ್ಕೂ ಸತ್ತು ಹುಟ್ಟಿದ್ದಳು, ಅವನು ಬೀಜ ತೂಗುತ್ತಿದ್ದ. ಅವಳು ದೂರಿಗೆ ಸಹಿ ಹಾಕಿದಳು.

ಸಂಜೆ ಇಳಿಯುವ ಹೊತ್ತಿಗೆ ಬಸವಣ್ಣೆಪ್ಪ ಠಾಣೆಗೆ ಬಂದ. ಎಲ್ಲ ಕೇಳಿಸಿಕೊಂಡು ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. “ಆತವಾ. ಕಾಲೇಜು ಸಾಕಿನ್ನ. ಗಂಟು ಕಟ್ಟು, ಮನಿಗೆ ನಡಿ,” ಅಂದ.

ಇದೇ ಮಾತಿಗೆ ಅಂಜಿ ಅವಳು ಇಷ್ಟು ದಿನ ಬಾಯಿ ಮುಚ್ಚಿದ್ದಳು. ಈಗ ಅದು ಬಂದೇ ಬಂದಿತ್ತು. “ಅಪ್ಪಾ,” ಅಂದಳು, “ಅವ ಬೆಳಗಾದ್ರ ಅಂಗಡಿ ತಗೀತಾನ. ತಪ್ಪು ಮಾಡದ ನಾ ಪುಸ್ತಕಾ ಮುಚ್ಚಬೇಕೇನು?”

ಬಸವಣ್ಣೆಪ್ಪ ರುಮಾಲು ಮತ್ತೆ ಸುತ್ತಿಕೊಂಡ. ಅಂದು ಇಬ್ಬರು ಹೆಣ್ಣುಮಕ್ಕಳನ್ನೂ ಮೊಮ್ಮಗನನ್ನೂ ತಿಳವಳ್ಳಿಗೆ ಕರೆದುಕೊಂಡು ಹೋದ. ಮನೆಯಲ್ಲಿ ಸುಶೀಲವ್ವ ಮಗಳ ಮಣಿಕಟ್ಟಿಗೆ ಅರಿಶಿನ ಹಚ್ಚುತ್ತ ಒಂದೇ ಸಮನೆ ಅತ್ತಳು. ಅವನನ್ನು ಬೈಯಲಿಲ್ಲ, ತನ್ನನ್ನೇ ಬೈದುಕೊಂಡಳು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬಸವಣ್ಣೆಪ್ಪ ತೊಳೆದ ಅಂಗಿ ಹಾಕಿಕೊಂಡು ಬಂದು, “ನಿಮ್ಮ ಮೇಡಮ್ಮರ್ನ ನೋಡಬೇಕು ನಾ,” ಎಂದ. ವಿಶ್ವವಿದ್ಯಾಲಯಕ್ಕೆ ಮಗಳ ಜೊತೆ ಹೋದ. ಪ್ರಿಯಂವದಾರ ಮುಂದೆ ಕುರ್ಚಿಯ ತುದಿಯಲ್ಲಿ ಕೂತು, “ಅವನ ಉಪಕಾರ ನನ್ನ ಮ್ಯಾಲ ಇತ್ರಿ. ಅದನ್ನ ತೀರಸಾಕ ಮಗಳನ್ನ ಒತ್ತಿ ಇಟ್ಟಂಗಾತು ನಂದು. ನನಗ ತಿಳೀಲಿಲ್ರಿ,” ಎಂದ. ಸುಧಾರಾಣಿ ಕಿಟಕಿಯ ಹೊರಗೆ ನೋಡುತ್ತ ನಿಂತಳು. ಅಪ್ಪ ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಅವಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಅವನು ಒಬ್ಬನೇ ಊರಿಗೆ ಮರಳಿದ.

ಮಲ್ಲಿಕಾ ಮಾಸೂರಿಗೆ ಹಿಂತಿರುಗಲಿಲ್ಲ. ಅತ್ತೆ ಮಾತು ಬಿಟ್ಟಿದ್ದಳು, ದೂರು ಹಿಂತೆಗೆದರೆ ಮಾತ್ರ ಬಾಗಿಲು ತೆರೆದೀತು ಎಂದು ಹೇಳಿ ಕಳಿಸಿದ್ದಳು. ಬಸವೇಶ ನಡುವೆ ಸಿಕ್ಕಿಬಿದ್ದ. ತಮ್ಮನನ್ನು ಹುಬ್ಬಳ್ಳಿಯ ಮಾನಸಿಕ ತಜ್ಞರಿಗೆ ತೋರಿಸಿಕೊಂಡು ಬರುತ್ತಿದ್ದ, ವಾರಕ್ಕೊಮ್ಮೆ ತಿಳವಳ್ಳಿಗೆ ಬಂದು ಮಗನನ್ನು ಎತ್ತಿಕೊಂಡು ಅಂಗಳದಲ್ಲಿ ಸುತ್ತುತ್ತಿದ್ದ, ಹೆಂಡತಿಯ ಜೊತೆ ಹೆಚ್ಚು ಮಾತಾಡದೆ ಎದ್ದುಹೋಗುತ್ತಿದ್ದ. ಮಳೆಗಾಲ ಕಳೆದ ಮೇಲೆ ಒಂದು ಸಲ ಬಂದವನು, “ಹಿರೇಕೆರೂರಾಗ ಬಾಡಗಿ ಮನಿ ನೋಡೇನಿ. ನಾವು ಮೂರು ಮಂದಿ ಅಲ್ಲಿ ಇರೂಣು,” ಎಂದ. ಮಲ್ಲಿಕಾ ಕೂಡಲೇ ಒಪ್ಪಲಿಲ್ಲ. ತಂಗಿಯನ್ನು ಕೇಳಿದಳು. “ನಿನ್ನ ಬಾಳೇದ ವಿಚಾರ ನೀನ ಮಾಡಬೇಕಕ್ಕಾ,” ಅಂದಳು ಸುಧಾರಾಣಿ. ಮತ್ತೊಂದು ತಿಂಗಳು ಕಾಯಿಸಿ ಮಲ್ಲಿಕಾ ಹೋದಳು.

ಸುಧಾರಾಣಿಯ ಪ್ರಬಂಧ ತಡವಾಗಿ ಮುಗಿಯಿತು. ಈಗ ಅವಳು ಸವಣೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಾಳೆ, ಶಾಕೀರಾಳ ಚಿಕ್ಕಮ್ಮನ ಮಾಳಿಗೆಮನೆಯಲ್ಲಿ ಬಾಡಿಗೆಗಿದ್ದಾಳೆ. ಭಯ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾಳೆ. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಅಂಗೈ ಬೆವರುತ್ತದೆ. ಬೇಕೆನಿಸಿದಾಗ ಪ್ರಿಯಂವದಾರ ಮನೆಗೆ ಹೋಗಿ ಕೂತು ಬರುತ್ತಾಳೆ. ಈಗ ಅವಳಿಗೆ ಯಾರಾದರೂ ನೋಡುತ್ತಾರೆಂಬ ಅಳುಕಿಲ್ಲ.

ಮೊಕದ್ದಮೆ ಹಾನಗಲ್ಲಿನ ನ್ಯಾಯಾಲಯದಲ್ಲಿ ನಡೆಯುತ್ತಿದೆ. ಅವಳು ಸಾಕ್ಷಿ ಹೇಳಬೇಕಾದ ದಿನ ರುದ್ರೇಶ ವರಾಂಡದ ಆ ತುದಿಯಲ್ಲಿ ನಿಂತಿದ್ದ. ಸೊರಗಿದ್ದ, ಗಡ್ಡ ಬಿಟ್ಟಿದ್ದ, ತಲೆ ಎತ್ತಲಿಲ್ಲ. ಅವನನ್ನು ಹಾಗೆ ನೋಡಿದರೆ ತನಗೆ ಸಮಾಧಾನವಾಗಬಹುದು ಎಂದುಕೊಂಡಿದ್ದಳು. ಆಗಲಿಲ್ಲ. ಒಳಗೆ ಹೆಸರು ಕೂಗಿದರು. ಅವನ ಮುಂದಿನಿಂದಲೇ ಹಾದುಹೋಗಬೇಕಿತ್ತು.

“ನಾನೂ ಬರ್ತೇನಿ, ನಡಿ,” ಎಂದು ಮಲ್ಲಿಕಾ ತಂಗಿಯ ಪಕ್ಕ ಅವನಿದ್ದ ಬದಿಗೆ ಬಂದು ನಿಂತಳು. ಇಬ್ಬರೂ ಒಟ್ಟಿಗೆ ಹೆಜ್ಜೆ ಹಾಕಿ ಬಾಗಿಲ ತನಕ ಹೋದರು. ಒಳಗೆ ಸುಧಾರಾಣಿಗೆ ಕೇಳಿದ ಪ್ರಶ್ನೆಗಳು ಸುಲಭದವಾಗಿರಲಿಲ್ಲ. ನಡುವೆ ಎರಡು ಸಲ ಮಾತು ತಡವರಿಸಿತು, ನಿಂತಳು, ಮತ್ತೆ ಮೊದಲಿನಿಂದ ಹೇಳಿದಳು. ತೀರ್ಪು ಇನ್ನೂ ಬಂದಿಲ್ಲ.